ನಡುವೆ ಕೂತವಳು

ಮಗಳು ಎಲ್ವಿರಾ ಸತ್ತಿದ್ದಾಳೆಂದು ಅವ್ವ ಕರಿ ಶಾಲು ಹೊದ್ದು ಬಂದಿದ್ದಳು. ಎಲ್ವಿರಾ ಅವಳ ಪಕ್ಕದಲ್ಲೇ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆ ಆ ಶಾಲನ್ನು ತೆಗೆಸಲು ನೋಡಿ ಸೋತಿದ್ದಳು. ನೀಲಿಯದನ್ನು ಮುಂದೆ ಹಿಡಿದಾಗ ಅವ್ವನ ಕಣ್ಣಲ್ಲಿ, ಹೆಣವಿಟ್ಟ ಮನೆಗೆ ಸಿಂಗರಿಸಿಕೊಂಡು ಬಂದವಳನ್ನು ಕಂಡಂಥ ತಿರಸ್ಕಾರ ಸುಳಿದಿತ್ತು. ಕೊನೆಗೆ ಬೆನ್ನಿಗೆ ಗಂಟುಮೂಟೆ ಕಟ್ಟಿಕೊಳ್ಳುವ ಪಟ್ಟೆಪಟ್ಟೆ ಬಟ್ಟೆಯನ್ನು ಅದರ ಮೇಲೆ ಹೊದಿಸಿ, ಕರಿ ಆದಷ್ಟು ಮುಚ್ಚುವಂತೆ ಎದೆಯ ಹತ್ತಿರ ಗಂಟು ಹಾಕಿ ಕರೆದುಕೊಂಡು ಬಂದಿದ್ದಳು. ಈಗ ಗಂಟು ಸಡಿಲಾಗಿ ಕರಿ ಇಣುಕುತ್ತಿತ್ತು. ಎಲ್ವಿರಾ ಕೈ ಚಾಚಿ ಸರಿಮಾಡಿದಳು. ಅವ್ವ ತಡೆಯಲಿಲ್ಲ. ತಂಗಿ ಬಂದು ಬಟ್ಟೆ ಸರಿಮಾಡಿದರೆ ಯಾರು ತಡೆಯುತ್ತಾರೆ? ಈಚೀಚೆಗೆ ಅವ್ವನ ಪಾಲಿಗೆ ಎಲ್ವಿರಾ ಅಂದರೆ ತಂಗಿ ಬಸಿಲಿಯಾ. ನಿಜವಾದ ಬಸಿಲಿಯಾ ಕಣಿವೆಯ ದಾರಿಯಲ್ಲಿ ಬಸ್ಸು ಉರುಳಿ ಸತ್ತು ಎಷ್ಟೋ ಕಾಲವಾಗಿತ್ತು. ಸತ್ತವಳೂ ಬದುಕಿದವಳೂ ಜಾಗ ಅದಲುಬದಲು ಮಾಡಿಕೊಂಡು ಒಬ್ಬಳೇ ಹೆಂಗಸಿನ ಮೈಯಲ್ಲಿ ತಮ್ಮ ಸರದಿಗಾಗಿ ಕಾಯುತ್ತಿರುವಂತೆ ಎಲ್ವಿರಾಗೆ ಅನ್ನಿಸಿತು. ಅನ್ನಿಸಿದ್ದೇ ತಡ, ನಾಚಿಕೆಯಾಯಿತು. ಇಂಥದ್ದನ್ನೆಲ್ಲ ಯೋಚಿಸುತ್ತ ಕೂರುವುದಕ್ಕೆ ಅವಳಿಗೆ ಸಮಯವಿರಲಿಲ್ಲ. ಇವತ್ತು ಡಾಕ್ಟರ ಕೈಯಿಂದ ಒಂದು ಮಾತು ಬರೆಸಿಕೊಂಡು ಹೋಗಬೇಕಿತ್ತು.

ಚರ್ಚಿನ ಸಿಸ್ಟರುಗಳು ನಡೆಸುವ ಹಗಲುಮನೆಯಲ್ಲಿ ಮರೆವಿನ ಕಾಯಿಲೆಯ ಮುದುಕ ಮುದುಕಿಯರನ್ನು ಬೆಳಿಗ್ಗೆ ಇಟ್ಟುಕೊಂಡು ಸಂಜೆ ಕಳಿಸುತ್ತಿದ್ದರು. ಆದರೆ ಬರೀ ವಯಸ್ಸಾದವರಿಗೆ ಅಲ್ಲಿ ಜಾಗವಿಲ್ಲ, ಕಾಯಿಲೆಯೇ ಹೌದೆಂದು ಡಾಕ್ಟರು ಹೇಳಬೇಕು. ಅಲ್ಲಿಯವರೆಗೆ ಎಲ್ವಿರಾ ಕೇಬಲ್ ಕಾರಿನ ಟಿಕೆಟ್ಟು ಕಿಟಕಿಗೆ ಕೆಲಸಕ್ಕೆ ಹೊರಡುವಾಗ ಅವ್ವನನ್ನು ಒಳಗೆ ಬಿಟ್ಟು ಹೊರಗಿನಿಂದ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು. ಗ್ಯಾಸಿನ ಸಿಲಿಂಡರನ್ನು ಮಂಚದ ಕೆಳಗೆ ಸರಿಸಿ, ಆಲೂಗಡ್ಡೆ ಬೇಯಿಸಿಟ್ಟು, ಮೂಲೆಗೊಂದು ಬಕೆಟ್ಟು ಇಟ್ಟು. ಪಕ್ಕದ ಮನೆಯ ಲೆಯಾಂದ್ರಾ ಮೊನ್ನೆ ನಲ್ಲಿಯ ಹತ್ತಿರ, ಬೇರೆಯವರ ವಿಷಯವೆಂಬಂತೆ, ಕುರಿಯನ್ನಾದರೂ ಜನ ಹಗಲು ಹೊತ್ತು ಹೊರಗೆ ಬಿಡುತ್ತಾರೆ ಅಂದಿದ್ದಳು. ಎಲ್ವಿರಾ ನಕ್ಕಿದ್ದಳು. ಯಾಕೆ ನಕ್ಕೆ ಎಂದು ಬಟ್ಟೆ ಹಿಂಡುತ್ತ ಮೂರು ಸಲ ತನ್ನನ್ನೇ ಕೇಳಿಕೊಂಡಿದ್ದಳು. ಟಿಕೆಟ್ಟು ಕಿಟಕಿಯ ಗಾಜಿನ ಹಿಂದೆ ಕೂತಾಗಲೂ, ತೊಟ್ಟಿಲಿನಂಥ ಗಾಡಿಗಳು ಒಂದರ ಹಿಂದೆ ಒಂದು ಕಣಿವೆಯ ಕಡೆ ಜಾರುವಾಗಲೂ, ಬಾಗಿಲಿನ ಒಳಮೈಗೆ ಅಂಗೈ ಬಡಿಯುವ ಸದ್ದು ಅವಳಿಗೆ ಕೇಳುತ್ತಿತ್ತು. ಅವ್ವ ನಿಜಕ್ಕೂ ಬಾಗಿಲು ಬಡಿಯುತ್ತಿದ್ದಳೋ ಇಲ್ಲವೋ ಎಂದು ಲೆಯಾಂದ್ರಾಳನ್ನು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಮೊದಲೇ ಗೊತ್ತಾಗಬೇಕಿತ್ತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸತ್ತವರ ಹಬ್ಬದ ತಿಂಗಳಲ್ಲಿ ಯಾರಿಗೆ ತಾನೆ ಗೊತ್ತಾಗುತ್ತದೆ? ಅವ್ವ ಅಪ್ಪನ ಜೊತೆ ಗಟ್ಟಿಯಾಗಿ ಮಾತಾಡಿದಳು, ಆ ಓಣಿಯಲ್ಲಿ ಎಲ್ಲ ಹೆಂಗಸರೂ ತಮ್ಮ ಸತ್ತ ಗಂಡಂದಿರ ಜೊತೆ ಆ ವಾರ ಮಾತಾಡುತ್ತಿದ್ದರು. ಅವ್ವ ಒಂದು ತಟ್ಟೆ ಹೆಚ್ಚಿಗೆ ಇಟ್ಟಳು, ಎಲ್ಲರೂ ಇಡುತ್ತಾರೆ. ನಡುಮಧ್ಯಾಹ್ನ ಬಾಗಿಲಿಗೆ ಬಂದು ಖಾಲಿ ಬೀದಿಗೆ ‘ಬಾ, ಬಾ, ದಾರಿ ದಣಿವಾಯ್ತೇನೋ’ ಅಂದಳು. ಆತ್ಮಗಳು ಬರುವ ಹೊತ್ತಿಗೆ ಹಾಗನ್ನದಿದ್ದರೇ ತಪ್ಪು. ಅವ್ವ ಎಷ್ಟು ಭಕ್ತಿಯಿಂದ ಮಾಡುತ್ತಾಳೆ ಎಂದು ಎಲ್ವಿರಾಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಮೇಜಿನ ಮೇಲೆ ಕಬ್ಬಿನ ಕಮಾನು, ಸತ್ತವರು ನೀರು ತುಂಬಿಕೊಂಡು ಹೋಗಲೆಂದು ಹೂ ಬಂದ ಈರುಳ್ಳಿಯ ದಂಟು, ಇಳಿದು ಬರಲು ರೊಟ್ಟಿಯ ಏಣಿ, ಸತ್ತವರೊಬ್ಬೊಬ್ಬರಿಗೂ ಒಂದೊಂದು ರೊಟ್ಟಿಕೂಸು, ಬಣ್ಣ ಬಳಿದ ಸುಣ್ಣದ ಮುಖ ಅಂಟಿಸಿಕೊಂಡು. ಅಪ್ಪನದು ಮೀಸೆಯ ಮುಖ. ಅದರ ಪಕ್ಕಕ್ಕೆ ಇನ್ನೊಂದು ಹೆಣ್ಣುಮುಖದ ಕೂಸು ಇದ್ದುದನ್ನು ಎಲ್ವಿರಾ ನೋಡಿದ್ದಳು. ಬಸಿಲಿಯಾ ಚಿಕ್ಕಮ್ಮನದು ಅಂದುಕೊಂಡಿದ್ದಳು. ಆಮೇಲೆ ಪ್ರಾರ್ಥನೆ ಹೇಳುವ ಕುರುಡ ಮುದುಕ ತೊರಿಬಿಯೊ ಬಂದ. ಮನೆಮನೆಗೆ ಹೋಗಿ ಸತ್ತವರ ಹೆಸರಿನಲ್ಲಿ ಪ್ರಾರ್ಥನೆ ಹೇಳಿ, ಚೀಲದ ತುಂಬ ರೊಟ್ಟಿ ತುಂಬಿಸಿಕೊಂಡು ಹೋಗುವವನು. ಯಾರ ಹೆಸರಿಗೆ ಹೇಳಲಿ ತಾಯೀ ಎಂದು ಕೇಳಿದ. ಅವ್ವ ‘ನನ್ನ ಗಂಡ ಸೆವೆರೊಗೆ’ ಅಂದಳು. ಆಮೇಲೆ ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡು, ‘ನನ್ನ ಮಗಳು ಎಲ್ವಿರಾಗೆ, ಮೊದಲನೇ ವರ್ಷ’ ಅಂದಳು. ಎಲ್ವಿರಾ ಅವನಿಗೆ ಕೊಡಲೆಂದು ರೊಟ್ಟಿ ಹಿಡಿದುಕೊಂಡು ನಿಂತಿದ್ದಳು. ಸುತ್ತಲಿದ್ದ ನಾಲ್ಕಾರು ಹೆಂಗಸರು ಅವಳ ಮುಖ ನೋಡಿ ಬೇರೆ ಕಡೆ ತಿರುಗಿದರು. ಮುದುಕನಿಗೆ ಕಣ್ಣಿಲ್ಲ, ಅವನಿಗೆ ಯಾರ ಹೆಸರು ಯಾರದೆಂದು ಗೊತ್ತಿಲ್ಲ. ಅವನು ಎಲ್ವಿರಾಳ ಆತ್ಮಕ್ಕೆ ಕತ್ತಲೆಯ ದಾರಿ ಬೆಳಕಾಗಲಿ, ಬಾಯಾರಿದಾಗ ನೀರು ಸಿಗಲಿ, ಭೂಮಿ ಅವಳ ಮೇಲೆ ಹಗುರವಾಗಿರಲಿ ಎಂದು ಒಂದೂ ಬಿಡದೆ ರಾಗವಾಗಿ ಹೇಳಿದ. ಎಲ್ವಿರಾ ಪೂರ್ತಿ ಹೇಳಿಸಿಕೊಂಡಳು. ಮುಗಿದಾಗ ಎಲ್ಲರ ಜೊತೆ ತಾನೂ ಆಮೆನ್ ಅಂದಳು. ಅನ್ನದಿದ್ದರೆ ಅವ್ವನಿಗೆ ಅವಮಾನವಾಗುತ್ತಿತ್ತು. ಅವನ ಕೈಗೆ ರೊಟ್ಟಿ ಇಟ್ಟಳು. ಬೆರಳು ತಾಕಿದಾಗ ಅವನು ‘ಕೈ ತಣ್ಣಗದೆಯಲ್ಲಮ್ಮ’ ಅಂದ.

ಒಳಗೆ ಕರೆದರು. ಡಾಕ್ಟರು ರಿಬೇರಾ ಬೆಟ್ಟದ ಕೆಳಗಿನ ಬಯಲುನಾಡಿನ ಬಿಸಿಯಲ್ಲಿ ಬೆಳೆದ ಹುಡುಗ. ಬಿಳಿ ಕೋಟಿನೊಳಗೆ ಎರಡು ಸ್ವೆಟರು ಹಾಕಿಕೊಂಡು ಕೈ ಉಜ್ಜಿಕೊಳ್ಳುತ್ತ ಕೂತಿದ್ದ. ಅವನಿಗೆ ಬರುವುದು ಸ್ಪ್ಯಾನಿಷ್, ಅವ್ವನಿಗೆ ಬೆಟ್ಟದವರ ಐಮಾರಾ. ಬಾ ಅಜ್ಜೀ, ಕೂತ್ಕೋ ಅಜ್ಜೀ, ಎಂದು ಕಿವುಡರೊಡನೆ ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿ, ಎಲ್ವಿರಾ ಕಡೆ ತಿರುಗಿ, ನೀವು ಮಧ್ಯದಲ್ಲಿ ಕೂತು ನಾನಂದದ್ದನ್ನು ಅವರಿಗೆ, ಅವರಂದದ್ದನ್ನು ನನಗೆ ಹೇಳಿ ಅಂದ. ಎಲ್ವಿರಾ ಕುರ್ಚಿಯನ್ನು ಇಬ್ಬರ ನಡುವೆ ಎಳೆದುಕೊಂಡಳು. ಆ ಜಾಗ ಅವಳಿಗೆ ಹೊಸದಲ್ಲ. ಕಾಲು ನೆಲಕ್ಕೆ ಎಟುಕದ ವಯಸ್ಸಿನಿಂದ ಅವಳು ಆ ಜಾಗದಲ್ಲಿ ಕೂತಿದ್ದಳು, ಶಾಲೆಯಲ್ಲಿ, ಪೊಲೀಸು ಚೌಕಿಯಲ್ಲಿ, ಜಮೀನಿನ ಕಚೇರಿಯಲ್ಲಿ. ಕಚೇರಿಯವನು ‘ಆ ಹೆಂಗಸಿಗೆ ದೂರ ನಿಲ್ಲೋಕೆ ಹೇಳು, ಕುರಿ ನಾತ’ ಅಂದಾಗ ಏಳು ವರ್ಷದ ಎಲ್ವಿರಾ ಅವ್ವನಿಗೆ, ‘ದಣಿದಿದ್ದೀರಿ, ಅಲ್ಲಿ ಗೋಡೆ ಪಕ್ಕ ಕೂತ್ಕೊಳ್ಳಿ ಅಂತಾರೆ’ ಅಂದಿದ್ದಳು. ಅವ್ವ ಗೋಡೆ ಪಕ್ಕ ಕೂತು ಅವನ ತಾಯಿಯನ್ನೂ ಅಜ್ಜಿಯನ್ನೂ ಸೇರಿಸಿ ಬೈದದ್ದನ್ನು, ‘ಎಷ್ಟು ಹೊತ್ತಾದರೂ ಕಾಯ್ತೀನಿ ಅಂತಾಳೆ’ ಎಂದು ಅವನಿಗೆ ದಾಟಿಸಿದ್ದಳು. ಆಗ ಕಿವಿ ಬಿಸಿಯಾಗಿತ್ತು. ಆಮೇಲಾಮೇಲೆ ಅದೂ ನಿಂತುಹೋಯಿತು. ಮಾತು ಈ ಕಿವಿಯಲ್ಲಿ ಬಂದು ಬಾಯಿ ತಲುಪುವಷ್ಟರಲ್ಲಿ ತಾನೇ ಮುಖ ತೊಳೆದು ತಲೆ ಬಾಚಿಕೊಂಡಿರುತ್ತಿತ್ತು. ಅವಳು ಮಾಡಬೇಕಾದ್ದೇನೂ ಉಳಿದಿರಲಿಲ್ಲ.

ಇವತ್ತು ಯಾವ ದಿನ ಎಂದು ಡಾಕ್ಟರು ಕೇಳಿದ. ಅವ್ವ, ಆತ್ಮಗಳು ಹೊರಟುಹೋದ ಮೇಲಿನ ವಾರ, ಆಲೂಗಡ್ಡೆ ಬಿತ್ತನೆ ಮುಗಿದಿರಬೇಕು ಅಂದಳು. ಎಲ್ವಿರಾ ನವೆಂಬರಿನ ತಾರೀಕು ಹೇಳಿದಳು. ಅದರಲ್ಲಿ ಸುಳ್ಳೇನಿತ್ತು? ಅವ್ವ ಹೇಳಿದ್ದೂ ಅದನ್ನೇ. ನಾವೀಗ ಎಲ್ಲಿದ್ದೀವಿ ಎಂಬುದಕ್ಕೆ ಅವ್ವ ಸುತ್ತ ನೋಡಿ, ಸಾವಿನ ಕಾಗದ ಕೊಡುವ ಕಚೇರಿ ಅಂದಳು. ಎಲ್ವಿರಾ ‘ಆಸ್ಪತ್ರೆ ಅಂತಾಳೆ’ ಅಂದಳು. ಸಾವಿನ ಕಾಗದವನ್ನು ಇಲ್ಲೂ ಕೊಡುತ್ತಾರಲ್ಲ ಎಂದು ಮನಸ್ಸು ಆಗಲೇ ಸಮಜಾಯಿಷಿ ಹುಡುಕಿಟ್ಟಿತ್ತು. ಡಾಕ್ಟರು ಮೂರು ಮಾತು ಕೊಟ್ಟು ನೆನಪಿಟ್ಟುಕೊಳ್ಳಲು ಹೇಳಿದ, ಟೊಪ್ಪಿಗೆ, ನದಿ, ಕೋಳಿ. ಬೇರೇನೇನೋ ಕೇಳಿ, ಸ್ವಲ್ಪ ಹೊತ್ತಿನ ಮೇಲೆ ಆ ಮೂರು ಮಾತು ಯಾವುವೆಂದು ಕೇಳಿದಾಗ ಅವ್ವ ಬಹಳ ಹೊತ್ತು ತನ್ನ ಅಂಗೈ ನೋಡಿದಳು. ಕೋಳಿಯನ್ನು ಆಗಲೇ ಮಾರಿಬಿಟ್ವಲ್ಲ ಅಂದಳು. ಎಲ್ವಿರಾ ‘ಕೋಳಿ, ಟೊಪ್ಪಿಗೆ’ ಅಂದಳು. ನದಿಯನ್ನು ಬೇಕೆಂದೇ ಬಿಟ್ಟಳು. ಮೂರನ್ನೂ ಹೇಳಿದರೆ ಡಾಕ್ಟರು ನಂಬಲಾರ ಎಂದು ಲೆಕ್ಕ ಹಾಕಿದ್ದು ತನ್ನೊಳಗಿನ ಯಾರು ಎಂದು ಅವಳು ಬೆಚ್ಚಿ ನೋಡುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು. ಗಡಿಯಾರದ ಚಿತ್ರ ಬರೆಸಬೇಕಿತ್ತು. ಅದನ್ನು ಯಾರೂ ತಿದ್ದಲು ಆಗುತ್ತಿರಲಿಲ್ಲ, ಅವ್ವನ ಕೈ ಬರೆದದ್ದೇ ಬರೆದದ್ದು. ಬರೆಯಲಿ ಎಂದು ಎಲ್ವಿರಾ ಒಳಗೊಳಗೇ ಹಾರೈಸಿದಳು. ಬರೆಯದಿರಲಿ ಎಂದೂ. ಡಾಕ್ಟರು ಅವ್ವನ ಒಡೆದ ಬೆರಳುಗಳನ್ನು ನೋಡಿ, ಪಾಪ, ಸ್ಕೂಲಿಗೆ ಹೋಗಿಲ್ಲ ಅಲ್ವಾ, ಇದು ಬೇಡ ಬಿಡಿ, ಎಂದು ಕಾಗದವನ್ನು ಪಕ್ಕಕ್ಕಿಟ್ಟ.

ಜೊತೇಲಿ ಬಂದಿರೋರು ಯಾರು ಎಂದು ಕೊನೆಗೆ ಕೇಳಿದ.

ಅವ್ವ ಎಲ್ವಿರಾಳ ಮಂಡಿಯ ಮೇಲೆ ಕೈಯಿಟ್ಟಳು. “ನನ್ ತಂಗಿ ಬಸಿಲಿಯಾ. ಮಗಳು ಸತ್ಲಲ್ಲ, ಅದಕ್ಕೆ ಬಂದವ್ಳೆ. ಇನ್ನೂ ನನ್ ಬಿಟ್ಟು ಹೋಗಿಲ್ಲ.”

ಎಲ್ವಿರಾ ಡಾಕ್ಟರ ಕಡೆ ತಿರುಗಿದಳು. ಇದನ್ನು ಹೇಳಿದರೆ ಸಾಕು. ಇದೊಂದೇ ಮಾತು ಸಾಕು, ಹಗಲುಮನೆಯ ಬಾಗಿಲು ತೆರೆಯುತ್ತದೆ. “ಮಗಳು ಅಂತಾಳೆ,” ಅಂದಳು.

ಡಾಕ್ಟರು ನಕ್ಕ. ಅಜ್ಜಿ ಗಟ್ಟಿಗರು, ನಮ್ಮಜ್ಜಿಗಿಂತ ವಾಸಿ, ವಯಸ್ಸಿನ ಮರೆವು ಅಷ್ಟೆ ಅಂದ. ಕರಿ ಶಾಲು ಅವನ ಕಣ್ಣಿಗೆ ಬಿದ್ದಿರಬೇಕು, ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಎಂದು ಕೇಳಿದ. ಎಲ್ವಿರಾ, ಅಪ್ಪ ಅಂದಳು. ಎಷ್ಟು ವರ್ಷವಾಯಿತೆಂದು ಅವನು ಕೇಳಲಿಲ್ಲ. ದುಃಖದಲ್ಲಿ ವಯಸ್ಸಾದವರ ತಲೆ ಸ್ವಲ್ಪ ಮಂಕಾಗುವುದುಂಟು, ಹೊರಗೆ ತಿರುಗಾಡಿಸಿ, ನಾಲ್ಕು ಜನರ ಜೊತೆ ಬೆರೆಯಲಿ ಎಂದು ಹೇಳಿ ವಿಟಮಿನ್ ಮಾತ್ರೆ ಬರೆದುಕೊಟ್ಟ.

ಹೊರಗೆ ಬಂದು ಬೆಂಚಿನ ಮೇಲೆ ಮತ್ತೆ ಕೂತಾಗ ಎಲ್ವಿರಾಗೆ ಮೊದಲು ಆದದ್ದು ಸಮಾಧಾನ. ಅದು ಅವಳನ್ನು ಹೆದರಿಸಿತು. ಪರೀಕ್ಷೆ ಪಾಸಾದ ಮಗುವಿನ ತಾಯಿಯ ಹಾಗೆ ಎದೆಯುಬ್ಬಿತ್ತಲ್ಲ! ಮಾತ್ರೆಯ ಚೀಟಿಯನ್ನು ಮಡಿಸುತ್ತ ಮಡಿಸುತ್ತ, ನಾಳೆ ಬೆಳಿಗ್ಗೆ ಆಲೂಗಡ್ಡೆ ಬೇಯಿಸುವ ತನ್ನ ಕೈಯೂ ಬಕೆಟ್ಟನ್ನು ಮೂಲೆಗೆ ಸರಿಸುವ ತನ್ನ ಕಾಲೂ ಕಣ್ಣ ಮುಂದೆ ಬಂದವು. ನಾಳಿದ್ದೂ. ಅದರ ಮಾರನೆಯ ದಿನವೂ. ತಿರುಗಾಡಿಸಿ ಎಂದನಲ್ಲ. ಈ ಹೊತ್ತಿಗೆ ಅವ್ವ ಆಚೆ ಬದಿ ಕೂತಿದ್ದ ಹೆಂಗಸಿನ ಜೊತೆ ಮಾತಿಗಿಳಿದಿದ್ದಳು. ಊರಕಡೆಯವಳು, ಮಡಿಲಲ್ಲಿ ಮೂಟೆ, ಕಾಲಿಗೆ ಬ್ಯಾಂಡೇಜು. ಅವ್ವ ಪಿಸುಮಾತಿನಲ್ಲಿ, ಸಾವಿನ ಮನೆಯವರು ಹೇಳುವ ರೀತಿಯಲ್ಲಿ, ಎಲ್ಲವನ್ನೂ ವಿವರವಾಗಿ ಹೇಳುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆಂದು ಹೋದವಳು, ಏನಾಯಿತೋ ಯಾರೂ ಬಾಯಿ ಬಿಡುತ್ತಿಲ್ಲ, ಹೆಣವನ್ನೂ ತೋರಿಸಲಿಲ್ಲ, ಮುದುಕಿ ತಡಕೊಳ್ಳಲ್ಲ ಅಂದುಕೊಂಡಿರಬೇಕು ಎಂದು. ಆ ಹೆಂಗಸು ಅವ್ವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮಾತು ಮುಗಿದ ಮೇಲೆ ಅವ್ವನ ತಲೆಯ ಮೇಲಿನಿಂದ ಎಲ್ವಿರಾ ಕಡೆ ಬಗ್ಗಿ, “ನೀನು ಚಿಕ್ಕಮ್ಮ ಆಗ್ಬೇಕೇನವ್ವ ಆ ಹುಡುಗಿಗೆ? ಎಷ್ಟಾಗಿತ್ತು ವಯಸ್ಸು?” ಎಂದು ಕೇಳಿದಳು.

“ನಲವತ್ತೊಂದು,” ಅಂದಳು ಎಲ್ವಿರಾ.

“ಅಯ್ಯೋ. ಮಕ್ಕಳು?”

“ಇರ್ಲಿಲ್ಲ.”

“ಹೆಂಗೋ, ಅಷ್ಟಾದ್ರೂ ಆಯ್ತು,” ಅಂದಳು ಆ ಹೆಂಗಸು. ಸಮಾಧಾನಕ್ಕೆಂದೇ ಅಂದದ್ದು.

ಎಲ್ವಿರಾ ಎದ್ದು ಹೋಗಿ ಡಾಕ್ಟರ ಬಾಗಿಲು ತಳ್ಳಿದಳು. ಒಳಗೆ ಒಬ್ಬ ಮುದುಕ ಅಂಗಿ ಬಿಚ್ಚಿಕೊಂಡು ಕೂತಿದ್ದ. ಅವನು ಗಾಬರಿಯಿಂದ ಅಂಗಿಯನ್ನು ಎದೆಗೆ ಹಿಡಿದುಕೊಂಡ. ಡಾಕ್ಟರು ಸಿಡುಕಿದ, ನರ್ಸು ಬಂದು ಅವಳ ರಟ್ಟೆ ಹಿಡಿದಳು. ಹೇಳಬೇಕಾದ್ದನ್ನು ಬೆಂಚಿನಿಂದ ಬಾಗಿಲಿನವರೆಗೆ ಜೋಡಿಸಿಕೊಂಡು ಬಂದಿದ್ದ ಎಲ್ವಿರಾಗೆ ಒಂದೂ ನೆನಪಾಗಲಿಲ್ಲ. ತನ್ನ ಸ್ವಂತ ಮಾತನ್ನು ಸ್ಪ್ಯಾನಿಷಿನಲ್ಲಿ ಆಡಿ ಅವಳಿಗೆ ಅಭ್ಯಾಸವೇ ಇಲ್ಲವೇನೋ ಎನ್ನುವಂತಾಗಿ, “ಅವಳು ಅಂದದ್ದು ಅದಲ್ಲ ಡಾಕ್ಟ್ರೇ, ನಾನು ಬೇರೆ ಹೇಳಿದೆ,” ಅಂದಳು. ಯಾವುದು ಎಂದು ಅವನು ಕೇಳಿದ. ಎಲ್ಲಾ ಅಂದಳು. ಯಾಕಮ್ಮಾ ಹಾಗೆ ಮಾಡಿದ್ರಿ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಕುತೂಹಲವಿತ್ತು. ಅದೇ ಹೆಚ್ಚು ಚುಚ್ಚಿತು. ಅರೆಬತ್ತಲೆ ಮುದುಕ, ನರ್ಸು, ಡಾಕ್ಟರು, ಮೂವರೂ ಅವಳ ಉತ್ತರಕ್ಕೆ ಕಾಯುತ್ತಿದ್ದರು. ಕೊನೆಗೆ ಆ ಮುದುಕನೇ, ಮೊದಲು ಅವರದ್ದು ನೋಡಿಬಿಡಿ ಎಂದು ಅಂಗಿ ತೊಟ್ಟುಕೊಂಡು ಹೊರಗೆ ನಡೆದ.

ಅವ್ವನನ್ನು ಮತ್ತೆ ಕರೆತಂದು ಕೂರಿಸಿದಳು. ಅವ್ವನಿಗೆ ತಾನು ಈ ಕೋಣೆಗೆ ಈಗಷ್ಟೇ ಬಂದುಹೋಗಿದ್ದೆನೆಂಬುದು ಗೊತ್ತಿರಲಿಲ್ಲ. ಬಾ ಅಜ್ಜೀ ಎಂದದ್ದಕ್ಕೆ ಮೊದಲ ಸಲದಷ್ಟೇ ಮರ್ಯಾದೆಯಿಂದ ತಲೆಬಾಗಿದಳು. ಅದನ್ನು ಡಾಕ್ಟರು ಗಮನಿಸಿದ. ಈ ಸಲ ಅವನು ಕೈ ಉಜ್ಜಿಕೊಳ್ಳಲಿಲ್ಲ. ನಾನು ಕೇಳಿದ್ದಷ್ಟನ್ನೇ ಕೇಳಿ, ಅವರು ಹೇಳಿದ್ದಷ್ಟನ್ನೇ ಹೇಳಿ ಅಂದ. ದಿನ ಕೇಳಿದ, ಜಾಗ ಕೇಳಿದ, ಮೂರು ಮಾತು ಕೇಳಿದ. ಎಲ್ವಿರಾ ಬಂದದ್ದನ್ನು ಬಂದ ಹಾಗೆ ದಾಟಿಸಿದಳು. ಒಂದೊಂದು ಮಾತೂ ಬೇಯದ ಕಾಳಿನಂತೆ ನಾಲಿಗೆಗೆ ಗಟ್ಟಿಯಾಗಿ ಸಿಕ್ಕುತ್ತಿತ್ತು. ತಿದ್ದದೆ ಬಿಟ್ಟರೆ ಅವ್ವನ ಮಾತು ಇಷ್ಟು ಬಡವಾಗಿತ್ತೆ? ಅಥವಾ ಇಷ್ಟು ವರ್ಷ ತಾನು ಕೇಳಿಸಿಕೊಂಡದ್ದೆಲ್ಲ ತನ್ನದೇ ಮಾತೆ? ಜೊತೆಗಿರುವವರು ಯಾರೆಂದು ಕೇಳಿದ. ತಂಗಿ ಅಂದಳು ಅವ್ವ, ತಂಗಿ ಅಂದಳು ಎಲ್ವಿರಾ. ನಿಮ್ಮ ಮಗಳೆಲ್ಲಿ ಎಂದು ಕೇಳಿದ. ಸತ್ತಳು ಅಂದಳು ಅವ್ವ. “ಸತ್ತಳು ಅಂತಾಳೆ,” ಅಂದಳು ಎಲ್ವಿರಾ. ಆ ಶಬ್ದ ಬಾಯಿಂದ ಹೊರಟಾಗ ಎಲ್ಲೋ ಏನೋ ಬೀಳಬಹುದೆಂದು ಕಾದಳು. ಏನೂ ಬೀಳಲಿಲ್ಲ. ಡಾಕ್ಟರು ಬರೆದುಕೊಂಡ.

ಮಗಳು ಹೇಗಿದ್ದಳು ಎಂದು ಅವನು ಕೇಳಿದ. ಅದು ಪರೀಕ್ಷೆಯ ಪ್ರಶ್ನೆಯಲ್ಲ ಎಂಬುದು ಎಲ್ವಿರಾಗೆ ಗೊತ್ತಾಯಿತು. ಆದರೂ ಕೇಳಿದ್ದಷ್ಟನ್ನೇ ಕೇಳಿದಳು. “ನಿನ್ನ ಮಗಳು ಹೇಗಿದ್ದಳು ಅಂತ ಕೇಳ್ತಾರೆ ಅವ್ವ.”

ಅವ್ವ ಯೋಚಿಸಿದಳು. ಮುಖದ ಸುಕ್ಕುಗಳೆಲ್ಲ ಒಂದು ಕಡೆ ಸೇರಿ ಒಂದು ಕ್ಷಣ ಅವಳು ಹಳೆಯ ಅವ್ವನ ಹಾಗೆ ಕಂಡಳು. “ಒಳ್ಳೇವ್ಳೇ. ದುಡಿಯೋಳು. ಆದ್ರೆ ನನ್ ಬಗ್ಗೆ ಅವ್ಳಿಗೆ ನಾಚ್ಕೆ ಇತ್ತು ಕಣೆ ಬಸಿಲಿಯಾ. ನಾನೊಂದ್ ಅಂದ್ರೆ ಅವ್ಳು ಅಲ್ಲಿ ಇನ್ನೊಂದ್ ಹೇಳೋಳು. ಅಷ್ಟು ಸ್ಪ್ಯಾನಿಷ್ ನಂಗೂ ತಿಳೀತಿತ್ತು. ಸುಮ್ನಿರ್ತಿದ್ದೆ. ಮಗೀಗೆ ಯಾಕೆ ನೋಯಿಸ್ಬೇಕು.” ಆಮೇಲೆ, “ಸತ್ತೋರ ಬಗ್ಗೆ ಹಂಗೆ ಆಡಬಾರ್ದು, ಇದನ್ನ ಹೇಳ್ಬೇಡ,” ಎಂದು ಸೇರಿಸಿದಳು.

ಎಲ್ವಿರಾ ಹೇಳಿದಳು. ನಾಚಿಕೆ ಇತ್ತು ಎಂಬುದನ್ನೂ ಹೇಳಿದಳು, ಸುಮ್ಮನಿರುತ್ತಿದ್ದೆ ಎಂಬುದನ್ನೂ, ಹೇಳಬೇಡ ಎಂಬುದನ್ನೂ ಬಿಡದೆ. ಜಮೀನಿನ ಕಚೇರಿಯ ಗೋಡೆ ಪಕ್ಕ ಅವ್ವ ಯಾವುದನ್ನು ಕೇಳಿಸಿಕೊಂಡು ಕೂತಿದ್ದಳು ಎಂದು ಮೊದಲ ಸಲ ಅವಳಿಗೆ ಹೊಳೆಯಿತು. ಅದನ್ನು ಮಾತ್ರ ಯಾರಿಗೂ ಹೇಳಬೇಕಾಗಿರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟ. ಆಮೇಲೆ, ರಕ್ತ ಪರೀಕ್ಷೆ ಮಾಡಿಸಬೇಕು, ತಲೆಯ ಒಳಗಿನ ಚಿತ್ರ ತೆಗೆಸಬೇಕು, ಬೇರೆ ಕಾರಣ ಏನಾದರೂ ಇದ್ದರೆ ತಿಳಿಯುತ್ತದೆ, ಆದರೆ ತನಗೆ ಹೆಚ್ಚು ಅನುಮಾನವಿಲ್ಲ, ಇದು ಆ ಕಾಯಿಲೆಯೇ, ಶುರುವಾಗಿ ಬಹಳ ದಿನವಾಗಿದೆ, ಮರೆವು ಇನ್ನೂ ಹೆಚ್ಚುತ್ತದೆ, ಯಾರು ಯಾರೆಂದು ಗೊತ್ತಾಗುವುದಿಲ್ಲ, ವಾಸಿ ಮಾಡುವ ಔಷಧಿಯಿಲ್ಲ ಅಂದ. ಹಗಲುಮನೆಗೆ ಇವತ್ತೇ ಬರೆದುಕೊಡುತ್ತೇನೆ ಅಂದ. ಬರೆಯುತ್ತ, ಅವರಿಗೂ ತಿಳಿಸಿ, ಅವರ ತಲೆ, ಅವರಿಗೆ ತಿಳಿಯಬೇಕಾದ್ದು ನ್ಯಾಯ ಅಂದ.

ಎಲ್ವಿರಾ ಅವ್ವನ ಕಡೆ ತಿರುಗಿದಳು. ಬಾಯಿ ತಾನಾಗಿಯೇ ಒಂದು ಮೆತ್ತನೆಯ ಮಾತನ್ನು ಆಗಲೇ ಜೋಡಿಸುತ್ತಿತ್ತು, ದಣಿವು ಅಂತೆ, ವಯಸ್ಸಂತೆ, ಬಿಸಿಲಂತೆ. ಅದನ್ನು ನುಂಗಿಕೊಂಡಳು. ಇನ್ನು ತಿದ್ದುವುದಿಲ್ಲ ಎಂದು ಹಠ ಹಿಡಿದವಳಂತೆ, ಡಾಕ್ಟರು ಅಂದದ್ದನ್ನು ಒಂದೊಂದಾಗಿ ಮುಂದಿಟ್ಟಳು. “ಅವ್ವ, ನಿನ್ನ ತಲೆಗೆ ಕಾಯಿಲೆ ಬಂದಿದೆಯಂತೆ. ನೀನು ಮರೀತಿದ್ದೀಯ. ಇನ್ನೂ ಮರೀತೀಯ. ಯಾರು ಯಾರು ಅಂತ ಗೊತ್ತಾಗಲ್ಲ. ವಾಸಿ ಮಾಡೋ ಔಷಧಿ ಇಲ್ವಂತೆ.”

ಅವ್ವ ಪೂರ್ತಿ ಕೇಳಿದಳು. ಎಲ್ಲ ತಿಳಿಯಿತು ಎಂಬುದು ಮುಖದಲ್ಲಿ ಕಂಡಿತು. ಅದು ತಿಳಿಯದೆ ಹೋಗುತ್ತದೆಂದು ತಾನು ನೆಚ್ಚಿಕೊಂಡಿದ್ದೆ ಎಂದು ಎಲ್ವಿರಾಗೆ ಆಗ ಅರಿವಾಯಿತು. ಮುದುಕಿಯ ಕೈ ಎದೆಯ ಗಂಟನ್ನು ಹುಡುಕಿ ಬಿಗಿಯಾಗಿ ಹಿಡಿದುಕೊಂಡಿತು. ಎಲ್ವಿರಾಳನ್ನು, ಮುಖ ಮುರಿಯುವಂಥ ಮಾತಾಡಿದ ನೆಂಟರ ಹೆಂಗಸನ್ನು ನೋಡುವಂತೆ ನೋಡಿದಳು.

“ಎಲ್ವಿರಾ ಇದ್ದಿದ್ರೆ ಹಿಂಗೆ ಹೇಳ್ತಿರ್ಲಿಲ್ಲ,” ಅಂದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. “ಏನಂದ್ರು?”

“ಅರ್ಥ ಆಯ್ತಂತೆ,” ಅಂದಳು ಎಲ್ವಿರಾ.